ದ್ವಿತೀಯಾ ವಿಭಕ್ತಿ

ನೂರಾ ಹದಿನೇಳನೆಯ ಪುಟದ ತಲೆಬರಹದ ಕೆಳಗೆ ಪೆನ್ಸಿಲಿನ ಮೊನೆ ಊರಿ ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ. ಕಾಗದದ ಮೇಲೆ ಸುಮ್ಮನೆ ಒಂದು ಚುಕ್ಕೆ ಮೂಡಿತ್ತು, ಚುಕ್ಕೆ ದಪ್ಪವಾಗುತ್ತಿತ್ತು. ಒಳಕೋಣೆಯ ಕಿಟಕಿ ಪಕ್ಕದ ಈ ಮೇಜು ಹತ್ತೊಂಬತ್ತು ವರ್ಷಗಳಿಂದ ಅವಳದು. ಕರಡು ತಿದ್ದುವವಳು ಅಂತ ಅಷ್ಟುದ್ದ ಕರೆಯಲಾರದೆ ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ತಿದ್ದಮ್ಮ ಅನ್ನುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಯಜಮಾನರು ಕೂಡ. ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರ ಆಚೆ ಹೋಗಲಾರದು ಅನ್ನುವುದು ಇಲ್ಲಿನವರ ಹೆಮ್ಮೆ. ಈ ತಲೆಬರಹದಲ್ಲಿ ಕಾಗುಣಿತ ಸರಿಯಿತ್ತು, ಒತ್ತು ಸರಿಯಿತ್ತು, ಪದಗಳ ನಡುವಿನ ಅಂತರವೂ ಸರಿಯಿತ್ತು. ಗಂಡ ಬಿಟ್ಟವಳು. ಬೀದಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷ ಬೆನ್ನ ಹಿಂದೆ ಕೇಳಿಸಿಕೊಂಡ ಮಾತು. ಬೆನ್ನಿಗೆ ಬಿದ್ದಾಗ ಅದು ಸೀನಿನಷ್ಟೇ ಸಹಜವಾಗಿ ಬಂದು ಹೋಗುತ್ತಿತ್ತು. ಕಪ್ಪು ದಪ್ಪಕ್ಷರದಲ್ಲಿ ಕಣ್ಣೆದುರು ಕೂತ ಮೇಲೆ, ಅದರೊಳಗೆ ಬಿಟ್ಟವರು ಯಾರು, ಬಿಟ್ಟದ್ದು ಯಾರನ್ನು ಅಂತ ಹುಡುಕುವ ಹಾಗಾಯಿತು. ಶಾಲೆಯಲ್ಲಿ ಬೆತ್ತದಿಂದ ಮೇಜು ಕುಟ್ಟುತ್ತಾ ಟೀಚರು ಹೇಳಿಸುತ್ತಿದ್ದರು: ಪ್ರಥಮಾ ಉ, ದ್ವಿತೀಯಾ ಅನ್ನು. ಕೆಲಸ ಮಾಡಿದವರು ಪ್ರಥಮಾ, ಯಾರ ಮೇಲೆ ಮಾಡಿದರೋ ಅವರು ದ್ವಿತೀಯಾ. ಗಂಡನನ್ನು ಬಿಟ್ಟವಳು. ಎರಡೇ ಅಕ್ಷರ ಸೇರಿಸಿದರೆ ನಿಜವಾಗುತ್ತಿತ್ತು. ಸಂಜೆ ಐದಕ್ಕೆ ಪುಟಗಳು ಯಂತ್ರಕ್ಕೆ ಹೋಗುತ್ತವೆ.

ಬಿಟ್ಟದ್ದು ಅವಳು. ಈ ವಿಷಯ ಗೊತ್ತಿದ್ದವರು ಜಗತ್ತಿನಲ್ಲಿ ನಾಲ್ಕೇ ಜನ: ಅವಳು, ಅವನು, ಅಣ್ಣ, ಮತ್ತು ಈ ಪುಸ್ತಕ ಬರೆದ ಮೇಡಂ. ಮೇಡಂ ಹೆಸರು ಕೇಳದವರಿಲ್ಲ. ಹೆಂಗಸರ ಬದುಕಿನ ಬಗ್ಗೆ ಏಳು ಪುಸ್ತಕ ಬರೆದವರು, ಅವರು ವೇದಿಕೆ ಹತ್ತಿದರೆ ಮುಂದಿನ ಸಾಲಿನ ಹೆಂಗಸರು ಮೊದಲೇ ಕರ್ಚೀಫು ತೆಗೆದಿಟ್ಟುಕೊಳ್ಳುತ್ತಿದ್ದರು. ಎಂಟನೆಯದು ಹನ್ನೊಂದು ಹೆಂಗಸರ ನಿಜದ ಕಥೆ. ಹೋದ ವರ್ಷ ಒಂದು ಮಧ್ಯಾಹ್ನ ಏಳನೆಯ ಪುಸ್ತಕದ ಕರಡು ನೋಡಲು ಬಂದವರು ಇದೇ ಮೇಜಿನ ಆಚೆ ಕೂತು, "ನಿಮ್ಮದು ಹೇಳಿ, ನೀವು ಬರೀ ಬೇರೆಯವರದೇ ಓದ್ತೀರಲ್ಲ" ಅಂದಿದ್ದರು. ಕೇಳುವ ದನಿ ಅಷ್ಟು ಮೆತ್ತಗಿತ್ತು. ಎರಡು ಗಂಟೆ ಹೊತ್ತು ಅವಳು ಹೇಳಿದ್ದಳು, ಹೇಳುತ್ತಾ ಹೇಳುತ್ತಾ ತನ್ನ ಗಂಟಲೇ ತನಗೆ ಹೊಸದೆನ್ನಿಸಿ ನಡುವೆ ಎರಡು ಸಲ ನೀರು ಕುಡಿದಿದ್ದಳು. ಮೇಡಂ ಏನೂ ಬರೆದುಕೊಂಡಿರಲಿಲ್ಲ, ಬರೀ ಕೈ ಹಿಡಿದುಕೊಂಡಿದ್ದರು. ಈಗ ಇಪ್ಪತ್ತಾರು ಪುಟ. ಅದರಲ್ಲಿ ಅವಳ ಕಿಟಕಿ ಇತ್ತು, ಪೆನ್ಸಿಲ್ ಇತ್ತು, ಅಣ್ಣನ ಮನೆಯ ಮಾಳಿಗೆಯ ಕೋಣೆ ಇತ್ತು, ತಂತಿಯಿಂದ ಕಟ್ಟಿದ ಅವಳ ಚಪ್ಪಲಿಯ ಬಾರು ಕೂಡ ಇತ್ತು. ಗಂಡ ಮಾತ್ರ ಬೇರೆಯವನಾಗಿದ್ದ. ಕುಡಿಯುತ್ತಿದ್ದ, ಕೈ ಎತ್ತುತ್ತಿದ್ದ, ಒಂದು ದಿನ ಇನ್ನೊಬ್ಬಳ ಜೊತೆ ಹೋಗಿಬಿಟ್ಟಿದ್ದ. ಬಾಗಿಲಲ್ಲಿ ಕಾಯುತ್ತಾ ಕೂತ ಹೆಂಗಸಿನ ಚಿತ್ರ ಒಂದೂವರೆ ಪುಟ. ತುಂಬ ಚೆನ್ನಾಗಿತ್ತು. ಓದುತ್ತಾ ಅವಳಿಗೇ ಕಣ್ಣು ತುಂಬಿ, ಯಾರದೋ ಬದುಕಿಗೆ ಅತ್ತ ಹಾಗೆ ಅತ್ತು, ಆಮೇಲೆ ನಾಚಿಕೆಯಾಗಿ ಆ ಪುಟದಲ್ಲಿ ಇಲ್ಲದ ಅಲ್ಪವಿರಾಮವೊಂದನ್ನು ಹುಡುಕಿ ಹಾಕಿದ್ದಳು.

ಅವನು ಕುಡಿಯುತ್ತಿರಲಿಲ್ಲ. ಕೈ ಎತ್ತುವುದಿರಲಿ, ಬಾಗಿಲನ್ನು ಕೂಡ ಸದ್ದಾಗದಂತೆ ಮುಚ್ಚುವವನು. ಕಂಪನಿಯ ಅಳತೆ ವಿಭಾಗದಲ್ಲಿ ಕೆಲಸ, ಸಂಜೆ ಆರಕ್ಕೆ ಸರಿಯಾಗಿ ಮನೆ. ಬಂದವರ ಎದುರು ಅವಳು ಬಾಯಿ ತೆರೆದರೆ ನಗುತ್ತಾ ಮುಂದಕ್ಕೆ ಬಾಗಿ, "ಇವಳು ಹೇಳ್ತಿರೋದು ಏನಂದ್ರೆ" ಅನ್ನುತ್ತಿದ್ದ. ಆಮೇಲೆ ಅವಳು ಹೇಳಬೇಕೆಂದಿದ್ದಕ್ಕಿಂತ ಚೆನ್ನಾಗಿ, ಅವಳು ಹೇಳಬೇಕೆಂದಿರದ ಏನನ್ನೋ ಹೇಳುತ್ತಿದ್ದ. ಬಂದವರು ಇಬ್ಬರನ್ನೂ ನೋಡಿ, ಎಂಥಾ ಜೋಡಿ ಅನ್ನುತ್ತಿದ್ದರು. ಅಂಗಡಿಯಲ್ಲಿ ಬಟ್ಟೆ ಆರಿಸುವಾಗ, ಡಾಕ್ಟರ ಎದುರು ಎಲ್ಲಿ ನೋವು ಅಂತ ತೋರಿಸುವಾಗ, ಎಲ್ಲ ಕಡೆ ಅವಳ ಮಾತು ಅವನದೇ. ನಾಲ್ಕು ವರ್ಷ. ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದಾಗ ಸ್ಟೂಲಿನ ತುದಿ ಕಾಲಿಗೆ ಬಡಿದು, ನೋವೆಂದು ಕೂಗಬೇಕೆನ್ನಿಸಿ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ತಾನು ಯಾರಿಗೋ ಕಾಯುತ್ತಿದ್ದೇನೆ ಅಂತ ಗೊತ್ತಾಯಿತು. ಅಷ್ಟೇ. ಇದಕ್ಕೆ ಯಾವ ಕೋರ್ಟಿನಲ್ಲಿ ಏನೆಂದು ಅರ್ಜಿ ಕೊಡುವುದು? ಮೂರು ದಿನ ಬಿಟ್ಟು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು, "ಹೋಗ್ತೀನಿ" ಅಂದಳು. ಅವನು ಪೇಪರಿನಿಂದ ತಲೆ ಎತ್ತಿ, "ಹೋಗಿ ಬರ್ತೀನಿ ಅನ್ನಬೇಕು" ಅಂದ, ನಗುತ್ತಾ. ಅವಳು ಹೋಗಿ ಬರ್ತೀನಿ ಅಂದಳು. ಅವನಿಗೆ ಆಡಿದ ಕೊನೆಯ ಮಾತು ಅವನೇ ತಿದ್ದಿಕೊಟ್ಟ ಸುಳ್ಳು.

ಹನ್ನೊಂದೂವರೆಗೆ ಮೇಡಂಗೆ ಫೋನ್ ಮಾಡಿದಳು. ಯಜಮಾನರ ಕೋಣೆಯ ಫೋನು. ಯಜಮಾನರು ಕಾಗದದ ಮಂಡಿಗೆ ಹೋಗಿದ್ದರು. "ಅಯ್ಯೋ ನೀವಾ, ಹೇಳಿ ಹೇಳಿ," ಅಂದರು ಮೇಡಂ. "ಓದಿದ್ರಾ? ಅತ್ತಿದ್ರಿ ಅಲ್ವಾ, ನಿಜ ಹೇಳಿ."

"ಅತ್ತೆ ಮೇಡಂ."

"ನನಗೆ ಗೊತ್ತಿತ್ತು."

"ಅದರಲ್ಲಿ ಒಂದು... ಬಿಟ್ಟದ್ದು ಅವರಲ್ಲ. ನಾನು. ನಿಮಗೆ ಹೇಳಿದ್ದೆ."

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. "ನೋಡಿ, ನೀವು ಹೇಳಿದ್ದು ನನಗೆ ಪೂರ್ತಿ ಅರ್ಥ ಆಯ್ತು. ಆದರೆ ಓದೋರಿಗೆ ಒಂದು ಕಾರಣ ಬೇಕಲ್ಲಮ್ಮಾ. ಹೊಡೀಲಿಲ್ಲ, ಕುಡೀಲಿಲ್ಲ, ಇನ್ನೊಬ್ಬಳಿಲ್ಲ. ಮತ್ಯಾಕೆ ಬಿಟ್ಟಳು ಅಂತಾರೆ. ಕೊಬ್ಬು ಅಂತಾರೆ. ನಾನು ಆ ಅಧ್ಯಾಯ ಮೂರು ಸಲ ಬರೆದೆ, ನೀವು ಹೇಳಿದ ಹಾಗೇ. ಯಾರಿಗೆ ಓದಿಸಿದರೂ ಗಂಡನ ಪರ ಆಗೋರು. ನನ್ನ ಸ್ವಂತ ಸೊಸೇನೇ ‘ಪಾಪ ಆ ಮನುಷ್ಯ’ ಅಂದ್ಲು. ನಿಮ್ಮನ್ನ ಉಳಿಸೋಕೆ ನನಗೆ ಬೇರೆ ದಾರಿ ಇರಲಿಲ್ಲ."

"ಹೆಸರಿಲ್ಲವಲ್ಲ ಮೇಡಂ. ನಾನು ಅಂತ ಯಾರಿಗೂ..."

"ಅದೇ, ನೀವು ಹೇಳ್ತಿರೋದು ಏನು, ಯಾರಿಗೂ ಗೊತ್ತಾಗಲ್ಲ, ಇದ್ದ ಹಾಗೇ ಬರಲಿ ಅಂತ. ಅಲ್ವಾ? ಆದರೆ ಇದು ನಿಮ್ಮೊಬ್ಬರ ಕಥೆ ಅಲ್ಲ ಈಗ. ಎಷ್ಟೋ ಜನ ಹೆಂಗಸರದ್ದು."

ಅವಳು ಹೌದು ಮೇಡಂ ಅಂದಳು. ಯಾಕೆ ಹೌದೆಂದಳೋ. ಫೋನಿಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಮೇಡಂ ಕೆಟ್ಟವರಲ್ಲ. ಅಣ್ಣನೂ ಕೆಟ್ಟವನಲ್ಲ. ಅವಳು ಚೀಲ ಹಿಡಿದು ಬಂದ ದಿನ ಅಣ್ಣ ಬಾಗಿಲು ತೆಗೆದು, ಅವಳ ಮುಖ ನೋಡಿ, ಎದುರು ಮನೆಯ ಕಿಟಕಿ ನೋಡಿ, ಅವಳು ತುಟಿ ತೆರೆಯುವ ಮೊದಲೇ ಬೀದಿಗೆಲ್ಲ ಕೇಳುವ ಹಾಗೆ, "ಬಿಟ್ಟೇಬಿಟ್ಟನಾ ಪಾಪಿ" ಅಂದಿದ್ದ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಒಳಗೆ ಕರೆದುಕೊಂಡು ಹೋಗಿ ಅವಳ ಬಾಯಿಂದ ನಿಜ ತಿಳಿದ ಮೇಲೆ ಮೆಲ್ಲಗೆ, "ಹಂಗೇ ಇರ್ಲಿ. ಬಿಟ್ಟುಬಂದವಳಿಗೆ ಯಾರೂ ಬಾಗಿಲು ತೆಗೆಯಲ್ಲ, ಗಂಡ ಬಿಟ್ಟುಹೋದವಳಿಗಾದ್ರೆ ತೆಗೀತಾರೆ" ಅಂದ. ತೆಗೆದರು ಕೂಡ. ಎದುರು ಮನೆಯಾಕೆ ಹಳೆಯ ಹಾಸಿಗೆ ಕೊಟ್ಟಳು. ಅಣ್ಣನ ಗೆಳೆಯ ಮುದ್ರಣಾಲಯದ ಯಜಮಾನರಿಗೆ ಹೇಳಿ ಕೆಲಸ ಕೊಡಿಸಿದ, ಪಾಪ ಗಂಡ ಬಿಟ್ಟವಳು ಅಂತ. ಮಾಳಿಗೆಯ ಕೋಣೆ, ಕಿಟಕಿಯ ಪಕ್ಕದ ಮೇಜು, ಎರಡೂ ಆ ‘ಪಾಪ’ದ ಮೇಲೆ ನಿಂತಿದ್ದವು. ಒಂದು ವರ್ಷದ ಮೇಲೆ ಅವನು ಬಂದಿದ್ದ. ಗೇಟಿನ ಆಚೆ ಬಿಸಿಲಲ್ಲಿ ನಿಂತಿದ್ದ. ಎದುರು ಮನೆಯಾಕೆ ಹೊರಗೆ ಬಂದು, "ಯಾವ ಮುಖ ಹೊತ್ಕೊಂಡು ಬಂದ್ಯೋ, ಹೆಣ್ಣನ್ನ ಬೀದೀಲಿ ಬಿಟ್ಟೋನೆ" ಅಂತ ಶುರುಮಾಡಿದಳು. ಬೀದಿಯ ಬಾಗಿಲುಗಳೆಲ್ಲ ತೆರೆದವು. ಅವನು ಅವರಿಗೆ ಏನೂ ಹೇಳಲಿಲ್ಲ. ತಲೆಯೆತ್ತಿ ಮಾಳಿಗೆಯ ಕಿಟಕಿ ನೋಡಿದ. ಅವಳ ಮಾತನ್ನು ತಾನು ಆಡದೆ, ಅವಳೇ ಆಡಲಿ ಅಂತ ಅವನು ಕಾದದ್ದು ಅದೊಂದೇ ಸಲ. ಅವಳು ಪರದೆ ಎಳೆದಳು.

ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ಅವಳು ಪೆನ್ಸಿಲ್ ಇಟ್ಟು ಕೆಂಪು ಪೆನ್ನು ತೆಗೆದುಕೊಂಡಳು. ಇಲ್ಲಿ ಮೊದಲ ದಿನವೇ ಯಜಮಾನರು ಹೇಳಿಕೊಟ್ಟಿದ್ದ ಕಟ್ಟಳೆ ಒಂದೇ: ಕರಡು ತಿದ್ದುವವರು ಅಕ್ಷರ ತಿದ್ದಬೇಕು, ವಾಕ್ಯ ತಿದ್ದಬಾರದು. ವಾಕ್ಯ ಬರೆದವರದು, ಅಕ್ಷರ ನಮ್ಮದು. ಹತ್ತೊಂಬತ್ತು ವರ್ಷ ಅವಳು ಅದನ್ನು ಮೀರಿರಲಿಲ್ಲ. ಎಂಥೆಂಥ ಹುಚ್ಚು ವಾಕ್ಯಗಳು ಸರಿಯಾದ ಕಾಗುಣಿತದಲ್ಲಿ ಅವಳ ಕೈ ದಾಟಿ ಹೋಗಿದ್ದವು. ಇದು ಅಕ್ಷರ. ಎರಡೇ ಅಕ್ಷರ. ಗಂಡ ಅನ್ನುವುದರ ಪಕ್ಕದಲ್ಲಿ ಬಾಣದ ಗುರುತು ಹಾಕಿ, ಅಂಚಿನಲ್ಲಿ ‘ನನ್ನು’ ಅಂತ ಬರೆದಳು. ಆಶ್ಚರ್ಯವೆಂದರೆ ಹಸಿವಾಯಿತು. ಡಬ್ಬಿ ಬಿಚ್ಚಿ ಪೂರ್ತಿ ಉಂಡಳು, ತೊಳೆದಳು, ಪುಟಗಳನ್ನು ಮುಂದಿನ ಕೋಣೆಗೆ ಕಳಿಸಿ, ಇನ್ಯಾರದೋ ಗಣಿತದ ಪುಸ್ತಕ ಎಳೆದುಕೊಂಡು ಕೂತಳು. ಸೊನ್ನೆಗಳು ಎಷ್ಟು ದುಂಡಗೆ ಕಂಡವು.

ಮೂರು ಗಂಟೆಗೆ ಕೀಲಿಮಣೆ ಬಂದ. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವವನು, ಅದಕ್ಕೇ ಇಲ್ಲಿ ಆ ಹೆಸರು, ಅವಳ ವಯಸ್ಸಿನವನೇ, ಬಾಯಿ ಬೆರಳಿಗಿಂತ ಜೋರು. ಪುಟವನ್ನು ಅವಳ ಮುಂದೆ ಇಟ್ಟು, "ಏನ್ ತಿದ್ದಮ್ಮ ಇದು?" ಅಂದ.

"ಯಾಕೆ, ಗುರುತು ತಿಳೀಲಿಲ್ವಾ?"

"ಗುರುತು ತಿಳೀತು. ಗಂಡ ಬಿಟ್ಟವಳು ಅಂದ್ರೆ ಅದಕ್ಕೊಂದು ತೂಕ ಇರುತ್ತೆ, ಪುಸ್ತಕ ಕೊಳ್ಳೋಣ ಅನ್ನಿಸುತ್ತೆ. ಗಂಡನನ್ನು ಬಿಟ್ಟವಳು ಅಂದ್ರೆ ಬಸ್ಸಲ್ಲಿ ಮರೆತು ಬಂದಳೇನೋ ಅನ್ನಿಸುತ್ತಪ್ಪ, ಕೊಡೆ ಮರೆತ ಹಾಗೆ."

ಅವಳಿಗೆ ನಗು ಬಂತು. ನಿಜವಾಗಿ ನಕ್ಕಳು. ಅವನಿಗೆ ಅದರಿಂದ ಹುರುಪಾಗಿ, "ಇಳಿಯೋ ಸ್ಟಾಪು ಬಂತು, ಚೀಲ ಎತ್ಕೊಂಡ್ಲು, ಗಂಡನ್ನ ಸೀಟಲ್ಲೇ ಬಿಟ್ಲು" ಅಂತ ಮುಂದುವರಿಸಿ, ಆಮೇಲೆ ದನಿ ತಗ್ಗಿಸಿ, "ನಾನು ಹಾಕಿಬಿಡ್ತಿದ್ದೆ. ಯಜಮಾನರು ನೋಡಿಬಿಟ್ರು" ಅಂದ. ಅವನ ಹಿಂದೆ ಯಜಮಾನರು ನಿಂತಿದ್ದರು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. ಸ್ಟೂಲು ಎಳೆದು ಕೂತು, ಕನ್ನಡಕ ಹಣೆಗೇರಿಸಿ, ಪುಟ ತಿರುವಿ ತೋರಿಸಿದರು. "ನೋಡಿ, ಇಲ್ಲಿ ‘ಅವನು ತಿರುಗಿ ನೋಡದೆ ಹೋದ’. ಇಲ್ಲಿ ‘ಅವನು ಬಿಟ್ಟುಹೋದ ಮೇಲೆ’. ಒಳಗೆಲ್ಲ ಅವನು ಬಿಟ್ಟಿದ್ದಾನೆ, ತಲೆಬರಹದಲ್ಲಿ ಅವಳು ಬಿಟ್ಟರೆ ಹೆಂಗಮ್ಮ? ನೀವು ಇಂಥ ತಪ್ಪು ಮಾಡೋರೇ ಅಲ್ಲ." ಅವರ ದನಿಯಲ್ಲಿ ನಿಜವಾದ ಕಳವಳವಿತ್ತು. ಅವಳು ಪುಟ ನೋಡಿದಳು. ಅವರು ಹೇಳಿದ್ದು ಸರಿ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ತಾನೇ ಕೆಂಪು ಗೀಟು ಹಾಕುತ್ತಿದ್ದೆ ಅನ್ನುವುದು ಅವಳಿಗೆ ತಕ್ಷಣ ಹೊಳೆಯಿತು. ಹೊಳೆದು, ಆ ‘ನನ್ನು’ ಮಗ್ಗಲಿನಲ್ಲಿ ಬೆಳೆದ ಗಂಟಿನ ಹಾಗೆ ಕಂಡಿತು. ಇಪ್ಪತ್ತಾರು ಪುಟ ಒಂದು ಕಡೆ, ಎರಡಕ್ಷರ ಒಂದು ಕಡೆ.

"ಕಣ್ಣು ತೋರಿಸಿದ್ದೀರಾ ಈಚೆಗೆ?" ಯಜಮಾನರು ಕೇಳಿದರು. "ಹೆದರಬೇಡಿ, ಎಲ್ಲರಿಗೂ ಆಗುತ್ತೆ. ನನ್ನ ತಂಗಿಗೂ ಇದೇ ವಯಸ್ಸಲ್ಲಿ ಪೊರೆ ಬಂತು. ಒಂದು ವಾರ ರಜ ತಗೊಳ್ಳಿ."

ಈಗ ಹೇಳಬೇಕು. ಕಣ್ಣು ಸರಿಯಾಗಿದೆ ಸರ್. ಇದು ನಾನು. ಕೀಲಿಮಣೆ ಗೋಡೆಗೊರಗಿ ಅವಳನ್ನೇ ನೋಡುತ್ತಿದ್ದ, ಮುಂದಿನ ಜೋಕಿಗೆ ತಯಾರಾದವನ ಹಾಗೆ. ವಾಕ್ಯ ಬಾಯೊಳಗೆ ಪೂರ್ತಿಯಾಗಿತ್ತು. ಕರ್ತೃ, ಕರ್ಮ, ಕ್ರಿಯಾಪದ, ಎಲ್ಲ ಜಾಗದಲ್ಲಿದ್ದವು. ಅವಳು ಬಾಯಿ ತೆರೆದಳು. ಯಾರಿಗೋ ಕಾದಳು.

"ಹೌದು ಸರ್," ಅಂದಳು. "ಕಣ್ಣು ಸ್ವಲ್ಪ ಮಂಜಾಗ್ತಿದೆ."

"ಅದೇ ಮತ್ತೆ," ಅಂದರು ಯಜಮಾನರು, ನೆಮ್ಮದಿಯಿಂದ. ಗೀಟು ಎಳೆಯಲು ಪೆನ್ನು ಅವಳ ಕೈಗೇ ಕೊಟ್ಟರು. ತಿದ್ದಿದವರೇ ತೆಗೆಯಬೇಕು, ಅದೂ ಇಲ್ಲಿನ ಪದ್ಧತಿ. ಅವಳು ತೆಗೆದಳು. ಕೆಳಗೆ ‘ಮುದ್ರಿಸಬಹುದು’ ಅಂತ ಬರೆದು ಸಹಿ ಮಾಡಿದಳು. ಸಹಿ ಎಂದಿಗಿಂತ ಅಚ್ಚುಕಟ್ಟಾಗಿ ಬಂತು.

ಬಸ್ಸಿನಲ್ಲಿ ಎದುರು ಮನೆಯಾಕೆ ಸಿಕ್ಕಳು. ಈಗ ಮುದುಕಿ, ಕಿಟಕಿಯ ಕಡೆ ಸರಿದು ಜಾಗ ಮಾಡಿ, "ಬಾ ಕೂತ್ಕೋ, ದಿನಾ ದುಡೀತೀಯ ಪಾಪ. ಆ ದರಿದ್ರದವನು ನೆಟ್ಟಗಿದ್ದಿದ್ರೆ ನಿನಗ್ಯಾಕೆ ಈ ಗತಿ" ಅಂದಳು. ಮುಂದಿನ ಸೀಟಿನ ಹುಡುಗಿಯೊಬ್ಬಳು ತಿರುಗಿ ಅವಳನ್ನು ನೋಡಿದಳು, ಕರುಣೆಯಿಂದ. ಅವಳು ಕೂತಳು. ಕಾಲು ನೋಯುತ್ತಿತ್ತು, ಕೂತದ್ದು ಹಿತವಾಗಿತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವೆನ್ನಿಸಿತು, ಹಿತವಾದದ್ದು. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಈ ಬಸ್ಸಿನಲ್ಲಿ ಮಾತ್ರ ಇನ್ನೂ ದಿನವೂ ಉಗಿಸಿಕೊಳ್ಳುತ್ತಿದ್ದ. ಇನ್ನು ಪುಸ್ತಕದಲ್ಲೂ ಉಗಿಸಿಕೊಳ್ಳುತ್ತಾನೆ, ಎರಡು ಸಾವಿರ ಪ್ರತಿ.

ಮನೆಗೆ ಬಂದಾಗ ಅಣ್ಣ ಪಡಸಾಲೆಯಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ. ನೀರಿನ ಕಚೇರಿಯಿಂದ ನಿವೃತ್ತನಾದಾಗಿನಿಂದ ಕೆಡದ ವಸ್ತುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. "ಬಂದ್ಯಾ?" ಅಂದ, ತಲೆಯೆತ್ತದೆ. ಅವಳು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದಳು. ತಂತಿಯ ಮೇಲಿನ ಬಟ್ಟೆ ತೆಗೆಯುತ್ತಾ ಅತ್ತಿಗೆ ಅಲ್ಲೇ ಇದ್ದಳು. ಒಂದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದೂ ಅವರಿಬ್ಬರೂ ಬಟ್ಟೆ, ಔಷಧಿ, ಹಾಲು ಇವುಗಳಾಚೆ ಹೆಚ್ಚು ಮಾತಾಡಿದವರಲ್ಲ. ಅತ್ತಿಗೆಯ ಮಗಳು ಮದುವೆಯಾಗಿ ಹೋದ ಮೇಲೆ ಅದೂ ಕಡಿಮೆಯಾಗಿತ್ತು. ಇವತ್ತು ಅತ್ತಿಗೆ ಬಟ್ಟೆಯ ಕ್ಲಿಪ್ಪುಗಳನ್ನು ಸೆರಗಿನಲ್ಲಿ ತುಂಬಿಕೊಳ್ಳುತ್ತಾ, ಅವಳ ಕಡೆ ನೋಡದೆ, "ನನ್ನ ತಂಗಿ ಫೋನ್ ಮಾಡಿದ್ಲು" ಅಂದಳು.

"ಹುಷಾರಾಗಿದ್ದಾರಾ?"

"ಅವಳಿಗೇನು. ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸ್ತಾಳಲ್ಲ, ನೋಡ್ಕೊಳ್ಳೋಕೆ ಜನ ಇಲ್ವಂತೆ. ನೀನೇ ಬಂದಿರು ಅಂತ ನನಗೆ ಹೇಳ್ತಾಳೆ. ಒಂದು ರೂಮು ಕೊಡ್ತಾಳಂತೆ, ಕಿಟಕಿ ಇರೋದು."

"ಹೋಗಿ ಬನ್ನಿ ಅತ್ತಿಗೆ. ಎಷ್ಟು ದಿನಕ್ಕೆ?"

"ದಿನಕ್ಕಲ್ಲ."

ಕೆಳಗೆ ಅಣ್ಣನ ರೇಡಿಯೋ ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು. "ಅಣ್ಣನಿಗೆ ಹೇಳಿದ್ರಾ?" ಅವಳು ಕೇಳಿದಳು.

"ಏನಂತ ಹೇಳ್ಲಿ? ನಿಮ್ಮಣ್ಣ ಕೆಟ್ಟವರಾಗಿದ್ರೆ ಹೇಳ್ತಿದ್ದೆ." ಅತ್ತಿಗೆ ಅಂಗಿಯೊಂದನ್ನು ಕೊಡವಿ, ಮಡಿಸದೆ ಹೆಗಲಿಗೆ ಹಾಕಿಕೊಂಡಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಬಂದ ದಿನ ನಿಮ್ಮಣ್ಣ ಬಿಟ್ಟೇಬಿಟ್ಟ ಅಂತ ಕೂಗಾಡಿದ್ರಲ್ಲ. ನನಗೆ ಆವತ್ತೇ ಅನುಮಾನ. ಗಂಡ ಬಿಟ್ಟುಹೋದವಳ ಹಾಗೆ ಇರಲಿಲ್ಲ ನೀನು. ಹಸಿವು ಅಂತ ಊಟ ಕೇಳ್ದೆ. ಎರಡು ಸಲ ಹಾಕಿಸ್ಕೊಂಡೆ. ನಾನು ಬಡಿಸ್ತಾ ಬಡಿಸ್ತಾ, ಇವಳು ತಾನೇ ಬಿಟ್ಟು ಬಂದವಳು ಕಣೇ ಅಂದ್ಕೊಂಡೆ. ಯಾವತ್ತೂ ಕೇಳಲಿಲ್ಲ. ಈಗ ಕೇಳ್ತೀನಿ. ಬಿಟ್ಟದ್ದು ಯಾರು?"

ಇಡೀ ಜಗತ್ತಿನಲ್ಲಿ ಅವಳನ್ನು ಹೀಗೆ ಕೇಳಿದವರಿರಲಿಲ್ಲ. ಮೇಡಂ ಕೂಡ ನಿಮ್ಮದು ಹೇಳಿ ಅಂದಿದ್ದರೇ ಹೊರತು ಯಾರು ಅಂತ ಕೇಳಿರಲಿಲ್ಲ. ಅತ್ತಿಗೆಯ ಮುಖ ಸಂಜೆಯ ಬೆಳಕಿನಲ್ಲಿ ಬೇರೆ ಯಾರದೋ ಆಗಿ ಕಂಡಿತು. ಐವತ್ತು ದಾಟಿದ ಹೆಂಗಸು ಉಸಿರು ಬಿಗಿಹಿಡಿದು, ಬಾವಿಗೆ ಕಲ್ಲೆಸೆದು ಸದ್ದು ಬರಲೆಂದು ಕಾಯುವವಳ ಹಾಗೆ ನಿಂತಿದ್ದಳು. ನಾನು ಅನ್ನಬೇಕು. ಎರಡೇ ಅಕ್ಷರ. ಆಗ ಅವಳಿಗೆ ಈ ಮನೆ ಅತ್ತಿಗೆಯಿಲ್ಲದೆ ಕಂಡಿತು. ಬೆಳಿಗ್ಗೆ ಅಣ್ಣನ ಕಾಫಿ, ಅಣ್ಣನ ಮಾತ್ರೆ, ಅಣ್ಣ ಕೆಡಿಸಿಟ್ಟ ರೇಡಿಯೋ, ಬೀದಿಗೆ ಅಣ್ಣ ಕೂಗಿ ಹೇಳುವ ಇನ್ನೊಂದು ಕಾರಣ, ಮತ್ತು ಈ ಮೆಟ್ಟಿಲನ್ನು ಹತ್ತಿ ಇಳಿಯುವ ತಾನೊಬ್ಬಳೇ. ಕಂಡದ್ದು ಒಂದು ಕ್ಷಣ. ಅದಕ್ಕೇ ಹಾಗೆ ಹೇಳಿದಳೋ, ಇಪ್ಪತ್ತೆರಡು ವರ್ಷದ ರೂಢಿಗೆ ನಾಲಿಗೆ ತಾನಾಗಿ ಹೊರಳಿತೋ ಅವಳು ಆಮೇಲೆ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

"ಅವರೇ ಬಿಟ್ಟದ್ದು ಅತ್ತಿಗೆ," ಅಂದಳು.

ಅತ್ತಿಗೆ ಅವಳನ್ನು ನೋಡುತ್ತಲೇ ಇದ್ದಳು. ನಂಬಿದಳೋ ಇಲ್ಲವೋ. ಹೆಗಲ ಮೇಲಿನ ಅಂಗಿ ತೆಗೆದು, ಕಾಲರು ಸರಿಮಾಡಿ, ತೋಳುಗಳನ್ನು ಹಿಂದಕ್ಕೆ ಮಡಚಿ, ಅಂಗಡಿಯಲ್ಲಿ ಮಡಿಸಿಟ್ಟ ಹಾಗೆ ಚೌಕವಾಗಿ ಮಡಿಸಿದಳು.

"ಹೌದಾ," ಅಂದಳು. ಮಡಿಸಿದ್ದನ್ನು ಬಟ್ಟೆಯ ಗಂಟಿನ ಮೇಲಿಟ್ಟು, "ಬಿಡು ಹಾಗಾದ್ರೆ" ಅಂದಳು.

ಬಟ್ಟೆಯ ಗಂಟೆತ್ತಿಕೊಂಡು ಅತ್ತಿಗೆ ಮೆಟ್ಟಿಲಿಳಿಯತೊಡಗಿದಳು. ಮಂಡಿ ನೋವಿನಿಂದಾಗಿ ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದಳು. ಕರೆದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು, ಕೆಳಗಿನ ಬಾಗಿಲು ಮುಚ್ಚಿಕೊಳ್ಳುವವರೆಗೂ.